ಊದುಬತ್ತಿ ಹಿಡಿದು ಕಂಪ್ಯೂಟರಿನ ಉಸಿರು ನೋಡುವವರು

ಬೆಳಗಿನ ಐದೂಮುಕ್ಕಾಲು. ಮೂಡಲಪಾಳ್ಯದ ಮುಖ್ಯರಸ್ತೆಯಲ್ಲಿ ಹಾಲಿನ ವ್ಯಾನು ಬಿಟ್ಟರೆ ಬೇರೆ ಗಾಡಿ ಇಲ್ಲ. ಅರ್ಧ ಎತ್ತಿದ ಷಟರಿನ ಕೆಳಗೆ ಬಗ್ಗಿ ಒಳಗೆ ಹೋದರೆ, ಕಂಪ್ಯೂಟರ್ ಅಂಗಡಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತ ರೇವಣಸಿದ್ದಪ್ಪ ಊದುಬತ್ತಿ ಹಚ್ಚುತ್ತಿದ್ದಾರೆ. ದೇವರ ಪಟ ಇರುವುದು ಅವರ ಬೆನ್ನ ಹಿಂದೆ. ಊದುಬತ್ತಿ ಹಿಡಿದಿರುವುದು ಈಗಷ್ಟೇ ಜೋಡಿಸಿ ಚಾಲೂ ಮಾಡಿದ ಕಂಪ್ಯೂಟರಿನ ಮುಂದೆ.

ಸೀಲಿಂಗ್ ಫ್ಯಾನ್ ಆರಿಸಿದೆ. ಬಸ್ಸುಗಳ ಓಡಾಟ ಶುರುವಾದರೆ ಗಾಳಿ ಅಲುಗುತ್ತದೆ, ಹೊಗೆ ಸುಳ್ಳು ಹೇಳುತ್ತದೆ. ಅದಕ್ಕೇ ಈ ಹೊತ್ತು. ಹೊಗೆಯ ಎಳೆ ಮುಂದಿನ ಜಾಲರಿಯಲ್ಲಿ ಬಾಗಿ ಒಳಗೆ ನುಸುಳಿ, ಹಿಂದಿನ ಎರಡು ಫ್ಯಾನುಗಳಿಂದ ಹೊರಗೆ ಬೀಳುತ್ತದೆ. ಸಿ.ಡಿ. ಡ್ರೈವಿನ ಸಂದಿಯ ಹತ್ತಿರ ತಂದಾಗ ಅಲ್ಲೂ ಒಳಗೇ ಹೋಗುತ್ತದೆ. ರೇವಣಸಿದ್ದಪ್ಪನವರ ಮುಖ ಸಪ್ಪಗಾಗುತ್ತದೆ.

“ಇಲ್ಲಿ ಹೊಗಿ ಒಳಗ ಹೋದ್ರ, ನಾಳೆ ಹಿಟ್ಟೂ ಇಲ್ಲಿಂದನ ಹೋಗ್ತದ್ರಿ.”

ಹಿಟ್ಟು ಅಂದರೆ ರಾಗಿಹಿಟ್ಟು, ಗೋಧಿಹಿಟ್ಟು. ಈ ಕಂಪ್ಯೂಟರ್ ಹೋಗಬೇಕಾದ್ದು ಸುಂಕದಕಟ್ಟೆಯ ವಿಮಲಮ್ಮನವರ ಡಿ.ಟಿ.ಪಿ. ಅಂಗಡಿಗೆ. ಗೋಡೆಗೆ ಗೋಡೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಲಗ್ನಪತ್ರಿಕೆ, ಬಯೋಡೇಟಾ, ಬಾಡಿಗೆ ಕರಾರು ಟೈಪು ಮಾಡಿ ಬದುಕುವ ಹೆಂಗಸು ಅವರು. ಹಳೆಯ ಕಂಪ್ಯೂಟರ್ ಎಂಟೇ ತಿಂಗಳಿಗೆ ಸುಟ್ಟು ಕೂತಿತು, ಅದೂ ಮದುವೆ ಸೀಸನ್ನಿನಲ್ಲಿ. “ಇದೂ ಕೈಕೊಟ್ರೆ ಬಾಗಿಲು ಹಾಕ್ಬಿಟ್ಟು ಗಾರ್ಮೆಂಟ್ಸ್‌ಗೆ ಹೋಗ್ತೀನಿ ಕಣಪ್ಪಾ, ಇನ್ನೊಂದು ಸಲ ನನ್ನ ಕೈಲಾಗಲ್ಲ” ಎಂದು ಹೇಳಿ ಹೋಗಿದ್ದಾರೆ.

ಸುಟ್ಟುಹೋದದ್ದನ್ನು ಜೋಡಿಸಿದ್ದೂ ರೇವಣಸಿದ್ದಪ್ಪನವರೇ.

“ನಾಕು ಫ್ಯಾನ್ ಹಾಕಿದ್ದೆರಿ. ಅದರಾಗ ಮೂರು ಹೊರಗ ತಳ್ಳೋವು. ಬಿಸಿ ಹೊರಗ ಹೋಗಬೇಕು ಅನ್ನೋದೊಂದ ತಲ್ಯಾಗ. ಹೋದಷ್ಟು ಗಾಳಿ ಮತ್ತ ಎಲ್ಲಿಂದರ ಒಳಗ ಬರಬೇಕಲ್ರಿ? ಸಂದಿಗೊಂದಿಯಿಂದೆಲ್ಲಾ ಹಿಟ್ಟು ಎಳಕೊಂಡು ಬಂದದ. ಬಿಚ್ಚಿ ನೋಡಿದ್ರ ಪ್ರೊಸೆಸರ್ ಮ್ಯಾಲೆ ರೊಟ್ಟಿ ತಟ್ಟಿ ಇಟ್ಟಂಗ ಕೂತಿತ್ತು.”

ಕಂಪ್ಯೂಟರ್ ಅಂಗಡಿಯ ಮಾಲೀಕ ಮೋಹನ್ ಕುಮಾರ್ ಆವತ್ತು ಕರೆಂಟಿನ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳಲು ನೋಡಿದರು. ವಿಮಲಮ್ಮನವರ ಎದುರಿಗೇ ರೇವಣಸಿದ್ದಪ್ಪ, “ಕರೆಂಟಲ್ರಿ, ತಪ್ಪು ನಂದ” ಎಂದುಬಿಟ್ಟರು. “ಏನ್ ಗುರು, ನನ್ನ ಅಂಗಡೀಲೇ ನಿಂತ್ಕೊಂಡು ನನಗೇ ಬತ್ತಿ ಇಡ್ತೀಯಾ?” ಎಂದು ಮಾಲೀಕರು ಇವತ್ತಿಗೂ ಕಿಚಾಯಿಸುತ್ತಾರೆ.

ರೇವಣಸಿದ್ದಪ್ಪ ಓದಿದ್ದು ಒಂಬತ್ತನೇ ಕ್ಲಾಸು. ಬಿಜಾಪುರದ ಕಡೆ ತಿಕೋಟಾದಲ್ಲಿ ಅವ್ವ ಭಾಗವ್ವ ಒಣದ್ರಾಕ್ಷಿ ಶೆಡ್ಡಿಗೆ ಕೂಲಿಗೆ ಹೋಗುತ್ತಿದ್ದರು, ಹಿಂದೆ ಇವರು. ದ್ರಾಕ್ಷಿಗೆ ಬಿಸಿಲು ತಾಗಬಾರದು, ಗಾಳಿ ಮಾತ್ರ ಆಡುತ್ತಿರಬೇಕು. ಸೆರಗಿನಿಂದ ಒಂದು ಎಳೆ ಕಿತ್ತು ಎತ್ತಿ ಹಿಡಿದು, ಅದು ವಾಲಿದ ದಿಕ್ಕು ನೋಡಿ ಭಾಗವ್ವ ಶೆಡ್ಡಿನ ಪರದೆ ಸರಿಸುತ್ತಿದ್ದರು. ಏಳು ವರ್ಷದ ಹಿಂದೆ ಬೆಂಗಳೂರಿಗೆ ಬಂದ ಮಗ ಆ ಎಳೆಯ ಬದಲು ಊದುಬತ್ತಿ ಹಿಡಿದಿದ್ದಾರೆ, ಅಷ್ಟೇ.

ಇದನ್ನು ಯಾವ ಕಾಲೇಜು ಹೇಳಿಕೊಟ್ಟಿದೆ? ಈ 2006ರಲ್ಲಿ ಪೇಪರು ಬಿಚ್ಚಿದರೆ ಗಾಜಿನ ಕಟ್ಟಡಗಳದ್ದೇ ಫೋಟೋ. ಎ.ಸಿ.ಯಲ್ಲಿ ತಣ್ಣಗೆ ಕೂತವರ ಕೊರಳಿಗೇ ಹಾರ. ಅಂಗಡಿಗೆ ಬರುವ ಗಿರಾಕಿ ನೀಲಿ ಲೈಟಿನ ಫ್ಯಾನು ಬೇಕು ಅನ್ನುತ್ತಾನೆ. ಅದು ಗಾಳಿಯನ್ನು ಎಳೆಯುತ್ತದೋ ತಳ್ಳುತ್ತದೋ, ಕೇಳುವ ವ್ಯವಧಾನ ಯಾವನಿಗೂ ಇಲ್ಲ. ದಿನಕ್ಕೆ ಮೂರು, ಆಯುಧಪೂಜೆಯ ಹೊತ್ತಿಗೆ ಆರು ಕಂಪ್ಯೂಟರ್ ಜೋಡಿಸುವ ಕೈಗಳಿವು. ಬೆರಳ ತುದಿಗಳಲ್ಲಿ, ಪ್ರೊಸೆಸರಿನ ಬಿಸಿ ಹೀರುವ ಅಲ್ಯೂಮಿನಿಯಂ ಪಟ್ಟಿಗಳು ಕೊಯ್ದ ಗೆರೆಗಳಿವೆ. ಡಬ್ಬದ ಮೇಲಿನ ಸ್ಟಿಕ್ಕರು ಮಾತ್ರ ಅಂಗಡಿಯದು. ಓಡಿದರೆ ಅಂಗಡಿಗೆ ಹೆಸರು, ನಿಂತರೆ “ಕರೀರಿ ಆ ಹುಡುಗನ್ನ” ಎಂಬ ಗದರಿಕೆ.

ರೇವಣಸಿದ್ದಪ್ಪನವರಿಗೆ ಇಷ್ಟು ಸಿಟ್ಟಿಲ್ಲ. ಅವರ ಗಮನ ಹೊಗೆಯ ಮೇಲೆ. ಹಿಂದಿನ ಎರಡು ಫ್ಯಾನುಗಳಲ್ಲಿ ಒಂದನ್ನು ಬಿಚ್ಚಿ ಆ ಕಿಂಡಿಗೆ ತಗಡು ಮುಚ್ಚುತ್ತಾರೆ. ಮುಂದಿರುವುದು ಗಾಳಿಯನ್ನು ಒಳಗೆ ಎಳೆಯುವ ದೊಡ್ಡ ಫ್ಯಾನು. ಅದರ ಎದುರಿಗೆ ಜರಡಿಯ ನವಿರು ಬಟ್ಟೆ ಬಿಗಿದಿದ್ದಾರೆ, ಅದೇ ಗಿರಣಿಯವರಿಂದ ಕೇಳಿ ತಂದದ್ದು. ಮತ್ತೆ ಊದುಬತ್ತಿ. ಈ ಸಲ ಸಂದಿಯ ಬಳಿ ಹೊಗೆ ಒಳಗೆ ಹೋಗದೆ ಹೊರಕ್ಕೆ ಚದುರುತ್ತದೆ. ಪರದೆಯ ಮೇಲೆ ಪ್ರೊಸೆಸರಿನ ಬಿಸಿ ಐವತ್ತಮೂರರಿಂದ ಐವತ್ತೇಳು ಡಿಗ್ರಿಗೆ ಏರಿದೆ.

“ನಾಕು ಡಿಗ್ರಿ ಜಾಸ್ತಿ ಆತು. ಆಗ್ಲಿ ಬಿಡ್ರಿ. ಸ್ವಲ್ಪ ಬಿಸಿ ತಡಕೋತದ, ಉಸಿರು ಕಟ್ಟಿದ್ರ ತಡಕೊಳ್ಳಂಗಿಲ್ಲ.”

ಅವತ್ತೇ ಮಧ್ಯಾಹ್ನ ಸುಂಕದಕಟ್ಟೆ. ವಿಮಲಮ್ಮ ಹಿಂದಿನಿಂದ ಮುಂದಿನಿಂದ ಇಣುಕಿ ನೋಡುತ್ತಾರೆ. “ಇದೇನಪ್ಪಾ, ಎರಡೇ ಫ್ಯಾನು? ಹೋದ ಸಲ ನಾಲ್ಕಿತ್ತಲ್ಲ?”

“ನಾಕ ಇದ್ದಿದ್ದಕ್ಕ ಹೋತ್ರಿ ಅಕ್ಕಾರ.”

ವಿಮಲಮ್ಮ ಕಂಪ್ಯೂಟರಿಗೆಂದು ನೆರಿಗೆ ಅಂಚಿನ ಬಟ್ಟೆ ಕವರು ಹೊಲಿದಿಟ್ಟಿದ್ದಾರೆ, ಟೇಬಲ್ಲಿನ ಕೆಳಗೆ ಬಾಗಿಲಿರುವ ಗೂಡನ್ನೂ ಒರೆಸಿಟ್ಟಿದ್ದಾರೆ. ರೇವಣಸಿದ್ದಪ್ಪ ಎರಡನ್ನೂ ಒಪ್ಪುವುದಿಲ್ಲ. ಗಿರಣಿಯ ಗೋಡೆಗೆ ದೂರವಾಗಿ, ಟೇಬಲ್ಲಿನ ಮೇಲೇ ಇಡುತ್ತಾರೆ. “ಶನಿವಾರಕ್ಕೊಮ್ಮೆ ಬಂದ್ ಮಾಡಿ, ಈ ಜರಡಿ ಬಟ್ಟಿ ಬಿಚ್ಚಿ ಒಗದು, ಒಣಗಿಸಿ ಹಾಕ್ರಿ. ಕವರು ಟಿ.ವಿ.ಗೆ ಹಾಕ್ರಿ.”

“ಟಿ.ವಿ.ಗೆ ಆಗ್ಲೇ ಇದೆ ಕಣಪ್ಪಾ,” ಎಂದು ವಿಮಲಮ್ಮ ನಗುತ್ತಾರೆ. ಆದರೆ ಕಣ್ಣು ಮಾತ್ರ ಆ ಎರಡು ಫ್ಯಾನುಗಳ ಮೇಲೇ ಇದೆ.

ಒಂದು ತಿಂಗಳು ಕಳೆದ ಮೇಲೆ, ಯಾರೂ ಕರೆಯದಿದ್ದರೂ, ಸ್ಕ್ರೂ ಡ್ರೈವರ್ ಜೇಬಿಗಿಟ್ಟುಕೊಂಡು ರೇವಣಸಿದ್ದಪ್ಪ ಅಲ್ಲಿಗೆ ಹೋಗುತ್ತಾರೆ. ಪಕ್ಕದಲ್ಲಿ ಗಿರಣಿ ಗುಡುಗುತ್ತಿದೆ. ಹೊರಗಿನ ಜರಡಿ ಬಟ್ಟೆ ಹಿಟ್ಟು ಹಿಡಿದು ಬೆಳ್ಳಗಾಗಿದೆ. ಡಬ್ಬದ ಪಕ್ಕದ ತಗಡು ತೆಗೆದಿಟ್ಟು, ಪ್ರೊಸೆಸರಿನ ಮೇಲಿನ ಪಟ್ಟಿಗಳ ಮೇಲೆ ತೋರುಬೆರಳು ಎಳೆದು, ಬೆಳಕಿಗೆ ಹಿಡಿಯುತ್ತಾರೆ. ವಿಮಲಮ್ಮನೂ ಬಗ್ಗಿ ನೋಡುತ್ತಾರೆ. ಬೆರಳು ಚೊಕ್ಕವಾಗಿದೆ.

ವಿಮಲಮ್ಮ ಕೀಬೋರ್ಡಿನ ಮುಂದೆ ಕೂತು ಏನೋ ಟೈಪು ಮಾಡಿ, ಪ್ರಿಂಟು ತೆಗೆದು, ಕತ್ತರಿಸಿ ಕೈಗಿಡುತ್ತಾರೆ. ಲಗ್ನಪತ್ರಿಕೆಗೆ ಬಳಸುವ ದಪ್ಪ ಅಕ್ಷರ: “ಜೋಡಿಸಿದವರು: ರೇವಣಸಿದ್ದಪ್ಪ, ತಿಕೋಟಾ.”

“ಮುಂದಗಡೆ ಅಂಟಿಸ್ತೀನಿ. ಬಂದೋರೆಲ್ಲಾ ನೋಡ್ಲಿ.”

ರೇವಣಸಿದ್ದಪ್ಪ ಆ ಚೀಟಿಯನ್ನು ಎರಡು ಸಲ ಓದುತ್ತಾರೆ. ಆಮೇಲೆ ಬಿಚ್ಚಿಟ್ಟಿದ್ದ ತಗಡನ್ನು ಮಗುಚಿ, ಒಳಮೈ ತೋರಿಸುತ್ತಾರೆ.

“ಇಲ್ಲಿ ಅಂಟಸ್ರಿ ಅಕ್ಕಾರ. ಕೆಟ್ಟು ಬಿಚ್ಚಿದಾಗಷ್ಟ ನನ್ನ ಹೆಸರು ಕಾಣಬೇಕು. ಅದು ಯಾರ ಕಣ್ಣಿಗೂ ಬೀಳಲಿಲ್ಲಂದ್ರ, ನನ್ನ ಕೆಲಸ ಚಲೋ ಅದ ಅಂತ ತಿಳ್ಕೊಳ್ರಿ.”