ಟೈಟಲ್ಸ್‌ನಲ್ಲಿ ಬಂದ ಕೈಗಳು

ನಂತೂರಿನಲ್ಲಿ ಬಸ್ಸು ಅಲ್ಲಾಡದೆ ನಿಂತಿತ್ತು. ಪಕ್ಕದ ಸೀಟಿನ ಹೆಂಗಸಿನ ಮಡಿಲಲ್ಲಿ ಆಗಷ್ಟೇ ಮೀಯಿಸಿ ತಂದಂತಿದ್ದ ಮಗು. ಅದರ ಕುತ್ತಿಗೆಯಿಂದ ಪೌಡರಿನ ವಾಸನೆ ಬರುತ್ತಿತ್ತು. ಪಡೀಲಿನ ಮಾಮಿಯ ಮನೆಯ ವಾಸನೆ ಅದು...

ಮಾಮಿ ನಮಗೆ ಸಂಬಂಧಿಕರಲ್ಲ, ನೆರೆಮನೆಯವರು. ಮದುವೆಯಾಗಿರಲಿಲ್ಲ. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಅವರ ಜಗಲಿಯಲ್ಲಿ ಬಿಟ್ಟು, ಸಂಜೆ ಬಂದು ಕರೆದೊಯ್ಯುತ್ತಿದ್ದರು. ನಾನೂ ಅಲ್ಲಿಯೇ ಬೆಳೆದವನು. ಅವರ ಎರಡೂ ಕೈಗಳಲ್ಲಿ, ಬೆರಳ ತುದಿಯಿಂದ ಮೊಣಕೈವರೆಗೆ, ಬಿಳಿ ಮಚ್ಚೆಗಳಿದ್ದವು. ಮಕ್ಕಳಾದ ನಾವು ಅವುಗಳ ಮೇಲೆ ಬೆರಳಾಡಿಸಿ ಇದು ಕೆರೆ, ಇದು ಆನೆ ಎಂದು ಹೆಸರಿಡುತ್ತಿದ್ದೆವು. ಅವರು ಕಚಗುಳಿಯಾದಂತೆ ನಗುತ್ತಿದ್ದರು.

ದೊಡ್ಡವನಾಗಿ ನಾನು ಸಿನಿಮಾ ಎಡಿಟರ್ ಆದೆ. ಕದ್ರಿಯಲ್ಲಿ ಸಣ್ಣ ಸ್ಟುಡಿಯೊ. ಮಕ್ಕಳು ಕಾಣೆಯಾಗುವ ಕತೆಯ ಒಂದು ಥ್ರಿಲ್ಲರ್‌ಗೆ, ಆರಂಭದಲ್ಲಿ ಹೆಸರುಗಳು ಬರುವ ಟೈಟಲ್ಸ್ ಮಾಡುವ ಕೆಲಸ ಬಂತು.

"ಕತೆ ಶುರುವಾಗುವ ಮೊದಲೇ ಜನ ಹೆದರ್ಬೇಕು ಮಾರಾಯ. ಮಕ್ಕಳನ್ನು ಕದಿಯುವವರ ಮುಖ ಮಾತ್ರ ತೋರಿಸ್ಬಾರ್ದು," ಎಂದರು ನಿರ್ದೇಶಕರು.

ನನಗೆ ಕೂಡಲೇ ನೆನಪಾದದ್ದು ಮಾಮಿಯ ಆ ಕೈಗಳು. ಕ್ಯಾಮೆರಾ ತೆಗೆದುಕೊಂಡು ಅವರ ಮನೆಗೆ ಹೋದೆ.

"ಎಂತ ಮಾಡ್ಬೇಕು ಮಗ ನಾನು?" ಎಂದು ಮಾಮಿ ಕೇಳಿದರು.

"ಒಂದು ಫ್ರಾಕ್ ಮಡಚಿ ಪೆಟ್ಟಿಗೆಯಲ್ಲಿ ಇಡಿ ಮಾಮಿ. ಅಷ್ಟೇ."

ಯಾವ ಸಿನಿಮಾ, ಎಂಥ ಕತೆ ಎಂದು ನಾನು ಹೇಳಲಿಲ್ಲ. ಮಾಡಿ ಎಂದವನು ನಾನೆಂಬ ಕಾರಣಕ್ಕೆ ಅವರು ಕೇಳಲೂ ಇಲ್ಲ. ಗುಂಡಿ ಹಾಕಿ, ಸುಕ್ಕು ಸವರಿ, ಒಳಗೆ ಮಗುವೇ ಇದೆಯೇನೋ ಎಂಬಷ್ಟು ಜೋಪಾನವಾಗಿ ಮಡಚಿದರು.

ಸ್ಟುಡಿಯೊದಲ್ಲಿ ಆ ಜೋಪಾನವನ್ನು ನಾನು ಇನ್ನೂ ನಿಧಾನ ಮಾಡಿದೆ. ಬಣ್ಣ ಇಳಿಸಿದೆ, ಮಚ್ಚೆಗಳು ಇನ್ನಷ್ಟು ಬಿಳಿಚಿಕೊಂಡವು. ಬೆರಳು ಬಟ್ಟೆಯನ್ನು ಮುಟ್ಟುವ ಮೊದಲೇ ಶಾಟ್ ಕತ್ತರಿಸಿ, ಕಪ್ಪು ಪರದೆಯ ಮೇಲೆ ನಟನ ಹೆಸರು ತೋರಿಸಿ, ಮತ್ತೆ ಬೆರಳಿಗೆ ಬಂದೆ. ಹಿನ್ನೆಲೆಯಲ್ಲಿ ಸಂಗೀತದ ಒಂದೇ ಸ್ವರವನ್ನು ಎಳೆಯುತ್ತ ಹೋದೆ. ಪೆಟ್ಟಿಗೆಯ ಮುಚ್ಚಳ ಬಿದ್ದಾಗ ಸ್ವರ ನಿಂತಿತು, ಚಿತ್ರದ ಹೆಸರು ಬಂತು. ಮೊದಲ ಪ್ರದರ್ಶನದಲ್ಲಿ ಆ ಕ್ಷಣಕ್ಕೆ ಇಡೀ ಥಿಯೇಟರ್ ಉಸಿರು ಹಿಡಿಯಿತು. ನಾನು ಖುಷಿಯಲ್ಲಿ ಬೆವೆತುಹೋಗಿದ್ದೆ.

ಪಡೀಲಿನವರು ಕೈಗಳನ್ನು ಗುರುತಿಸಿದರು. ಮೊದಲು ಒಂದು ಮಗು ಬರಲಿಲ್ಲ, ಜ್ವರ ಅಂದರು. ಆಮೇಲೆ ಅವಳಿ ಮಕ್ಕಳು, ಊರಿಂದ ಅಜ್ಜಿ ಬಂದಿದ್ದಾರಂತೆ. ಯಾರೂ ಜಗಳಾಡಲಿಲ್ಲ. ತಿಂಗಳೊಳಗೆ ಜಗಲಿ ಖಾಲಿಯಾಯಿತು. ಅಂಗಡಿಯಲ್ಲಿ ಮಗುವೊಂದು ಅವರ ಕೈ ಕಂಡು ಚೀರಿ, ತಾಯಿಯ ಹಿಂದೆ ಅಡಗಿತಂತೆ.

ನಾನು ಹೋದಾಗ ಮಾಮಿ ಬೈಯಲಿಲ್ಲ. "ನಾನು ಫ್ರಾಕ್ ಮಡಚಿದ್ದಲ್ವಾ ಮಗ? ಬೇರೆ ಎಂತ ಮಾಡಿದೆ?"

"ನೀವು ಎಂತ ಮಾಡ್ಲಿಲ್ಲ ಮಾಮಿ. ಅದು ಮ್ಯೂಸಿಕ್..."

"ಅದನ್ನು ತೆಗೀಲಿಕ್ಕೆ ಆಗ್ತದಾ?"

"ಇನ್ನು ಆಗುದಿಲ್ಲ."

ಸುಳ್ಳು. ಒಟಿಟಿಗೆ ಹೋಗುವ ಪ್ರತಿ ಇನ್ನೂ ನನ್ನ ಬಳಿಯೇ ಇತ್ತು. ಬದಲಾಯಿಸುವುದಿದ್ದರೆ ಈಗಲೇ ಮಾಡು ಎಂದು ನಿರ್ದೇಶಕರು ಹೇಳಿದ್ದರು. ಎಲ್ಲರೂ ಹೊಗಳಿದ ಆ ಎರಡು ನಿಮಿಷಗಳನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ಅದೇ ವರ್ಷ ನನ್ನ ಹೆಂಡತಿ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೊರಟಳು. ಮಗಳನ್ನು ಮಾಮಿಯ ಬಳಿ ಬಿಡೋಣವೇ ಎಂದು ಕೇಳಿದೆ. ಅವಳು ಮಗಳನ್ನು ಎದೆಗೆಳೆದುಕೊಂಡಳು.

"ಅವರದ್ದು ಎಂತ ತಪ್ಪಿಲ್ಲ, ಗೊತ್ತುಂಟು. ಆದ್ರೂ ಆ ಕೈ ಕಂಡ್ರೆ ನಂಗೆ ಮುಚ್ಚಳ ಬೀಳುವುದೇ ನೆನಪಾಗ್ತದೆ."

ನಾನು ವಾದಿಸಲಿಲ್ಲ. ಬೇರೆ ಕಡೆ ಸೇರಿಸಿದೆವು. ದಿನಾ ಬೆಳಿಗ್ಗೆ ಮಗಳನ್ನೆತ್ತಿಕೊಂಡು ಮಾಮಿಯ ಗೇಟಿನ ಮುಂದೆಯೇ ಹೋಗಬೇಕಿತ್ತು. ನಮ್ಮನ್ನು ಕಂಡ ಕೂಡಲೇ ಅವರು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, ತಲೆಯಾಡಿಸಿ ಮಗುವನ್ನು ನಗಿಸಲು ನೋಡುತ್ತಿದ್ದರು.

ಮರುವರ್ಷ ಅವರು ಬಂಟ್ವಾಳದ ಕಡೆ ತಂಗಿಯ ಮನೆಗೆ ಹೋದರು. ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಸೆಕೆಗಾಲದಲ್ಲೂ ಕೈ ಹೊದ್ದುಕೊಂಡೇ ಇರುತ್ತಿದ್ದರು ಎಂದು ತಂಗಿ ಹೇಳಿದರು...

ಟೈಟಲ್ಸ್ ಮಾಡುವುದು ಹೇಗೆಂದು ಕಲಿಯಲು ಈಗಲೂ ಹುಡುಗರು ನನ್ನ ಬಳಿ ಬರುತ್ತಾರೆ. ಎಲ್ಲರೂ ಮೊದಲು ಕೇಳುವುದು ಆ ಕೈಗಳ ಬಗ್ಗೆ. ಯಾರೋ ಕಲಾವಿದೆ ಎಂದು ಹೇಳಿಬಿಡುತ್ತೇನೆ. ಮಗಳಿಗೆ ಈಗ ಆರು ವರ್ಷ. ಮಾಮಿ ಅವಳನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ನಾನು ಕೊಡಲಿಲ್ಲ.