ಅಕ್ಕನ ಸೊಟ್ಟ ಚೈನ್ ಸ್ಟಿಚ್

ನಮ್ಮಕ್ಕ ಸೊಟ್ಟಗೆ ಹೊಲಿಯುತ್ತಿದ್ದಳು. ತೀರಿಕೊಂಡವಳ ಬಗ್ಗೆ ಹೀಗೆ ಹೇಳಬಾರದೇನೋ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುತ್ತಾರಲ್ಲ, ಅವಳೇ ಎದ್ದು ಬಂದು ಒದೆಯುವುದಾದರೆ ಒದೆಯಲಿ, ನನಗೆ ಬೇಕಾದ್ದೂ ಅದೇ.

ತಿಗನಾರೆಯಿಂದ ತಾಳವಾಡಿಯ ಹೊಲಿಗೆ ಕ್ಲಾಸಿಗೆ ಇಬ್ಬರೂ ಒಟ್ಟಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಕಲಿತ ಕಸೂತಿಯನ್ನೆಲ್ಲ ಒಂದೇ ಬಿಳಿ ಬಟ್ಟೆಯಲ್ಲಿ ಸಾಲಾಗಿ ಹಾಕಿ ತೋರಿಸಬೇಕಿತ್ತು. ನನ್ನ ಸಾಲುಗಳು ಸ್ಕೇಲು ಇಟ್ಟು ಎಳೆದಂತಿದ್ದವು. ಅಕ್ಕನ ಚೈನ್ ಸ್ಟಿಚ್ ಮಾತ್ರ ಅರ್ಧಕ್ಕೆ ಬಂದು ಕೆಳಕ್ಕೆ ಜಾರಿ, ದಾರ ಬಿಗಿಯಾಗಿ, ಅಲ್ಲೇ ಬಟ್ಟೆ ಸುಕ್ಕುಗಟ್ಟಿತ್ತು. ಅವಳ ಗಂಟು ಹೊಲಿಗೆಯಲ್ಲಿ ಒಂದು ಗಂಟು ರಾಗಿ ಕಾಳಿನಷ್ಟಿದ್ದರೆ ಇನ್ನೊಂದು ಅವರೆಕಾಳಿನಷ್ಟು.

"ಕುಡ್ದ್‌ಬುಟ್ಟು ಒಲ್ದಂಗದೆ ಕಣಕ್ಕ" ಅಂದೆ.

"ನೀನು ಮಿಸೀನು, ನಾನು ಮನ್ಸಿ" ಅಂದು ನಕ್ಕಳು.

ಮದುವೆಯಾಗಿ ನಾನು ಗೆಟ್ಟವಾಡಿಗೆ ಬಂದೆ. ಅಕ್ಕ ಅವ್ವನ ಜೊತೆಯಲ್ಲೇ ಉಳಿದಳು. ಸಕ್ಕರೆ ಕಾಯಿಲೆಯಿಂದ ಅವ್ವನ ಕಣ್ಣು ಹೋದ ಮೇಲೆ, ಅಕ್ಕ ತನ್ನ ಆ ಕಸೂತಿ ಬಟ್ಟೆಯ ಮೇಲೆ ಅವ್ವನ ಬೆರಳಾಡಿಸಿ ಇದು ಹೂವು, ಇದು ಸರಪಳಿ, ಇದು ಗಂಟು ಎಂದು ಗುರುತು ಹಿಡಿಸುತ್ತಿದ್ದಳಂತೆ. ಹೋದ ವರ್ಷ ಅಕ್ಕ ಜ್ವರದಲ್ಲಿ ತೀರಿಕೊಂಡಳು.

ಆಮೇಲೆ ನಾನು ಹೋದಾಗಲೆಲ್ಲ ಬಟ್ಟೆ ಅವ್ವನ ಮಡಿಲಲ್ಲಿರುತ್ತಿತ್ತು. ಅಂಚು ಕಪ್ಪಾಗಿತ್ತು, ಒಂದು ಹೂವಿನ ದಾರ ಎದ್ದಿತ್ತು. ಸವರಿ ಸವರಿ ಹಾಳು ಮಾಡುತ್ತಿದ್ದೀಯಲ್ಲ ಎಂದು ರೇಗಿದೆ. ನಮ್ಮಲ್ಲಿ ಹೋದವರ ಫೋಟೋಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತಾರೆ. ಅಕ್ಕನದೊಂದು ಒಳ್ಳೆಯ ಫೋಟೋ ಇರಲಿಲ್ಲ. ಈ ಬಟ್ಟೆಗೇ ಕಟ್ಟು ಹಾಕಿಸೋಣ ಅನ್ನಿಸಿತು. ಅವ್ವನನ್ನು ಕೇಳಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ನನ್ನನ್ನು ನೋಡಿಯೇ ಇರಬೇಕು. ಒಗೆದು, ಇಸ್ತ್ರಿ ಮಾಡಿ, ಚಾಮರಾಜನಗರಕ್ಕೆ ಒಯ್ದೆ. ಅಂಗಡಿಯವನು ಬಟ್ಟೆಗೆ ಗೋಂದು ಬಳಿದು ರಟ್ಟಿಗೆ ಅಂಟಿಸಿ, ಮೇಲೆ ಗಾಜು ಹಾಕಿಕೊಟ್ಟ.

ತಂದು ಕೈಗೆ ಕೊಟ್ಟಾಗ ಅವ್ವ ಗಾಜಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಕೈಯಾಡಿಸಿದಳು. ತಿರುಗಿಸಿ ಹಿಂದಿನ ರಟ್ಟನ್ನೂ ಮುಟ್ಟಿ ನೋಡಿದಳು.

"ಒಳ್ಗದಾ?"

"ಊಂ ಕಣವ್ವ."

"ಚೆಂದಾಗದೆ. ಗ್ವಾಡ್ಗೆ ತಗ್ಲಾಕು" ಅಂದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಹೊತ್ತಿಗೆ ಗೊತ್ತಾಯಿತು ನಾನು ಮಾಡಿದ್ದೇನು ಎಂದು. ಗಾಜು ತೆಗೆದು ಬಿಡಿಸಲು ಹೋದೆ. ಗೋಂದು ಬಿಡಲಿಲ್ಲ, ಮೂಲೆಯ ಒಂದು ಗಂಟು ಕಿತ್ತು ಬಂತು. ಹೆದರಿ ಮತ್ತೆ ಗಾಜು ಮುಚ್ಚಿದೆ.

ಮನೆಗೆ ಬಂದು ಅಂಥದ್ದೇ ಬಿಳಿ ಬಟ್ಟೆ ತಂದು ಅವೇ ಸಾಲುಗಳನ್ನು ಹೊಲಿದೆ. ಚೈನ್ ಸ್ಟಿಚ್ ಜಾರಬೇಕಾದ ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ. ಎರಡು ಸಲ ಬಿಚ್ಚಿದೆ. ಮೂರನೆಯ ಸಲ ಬಟ್ಟೆ ಅಲ್ಲೇ ಸುಕ್ಕುಗಟ್ಟಿತು. ಅದನ್ನು ಒಯ್ದು, ಏನೂ ಹೇಳದೆ ಅವ್ವನ ಮಡಿಲಲ್ಲಿಟ್ಟೆ.

ಅವ್ವನ ಬೆರಳು ಮೊದಲ ಸಾಲು ದಾಟಿತು, ಎರಡನೆಯದು ದಾಟಿತು. ಚೈನ್ ಸ್ಟಿಚ್ಚಿನ ಸುಕ್ಕಿನ ಹತ್ತಿರ ನಿಂತಿತು. ಮತ್ತೊಮ್ಮೆ ಹಿಂದಕ್ಕೆ ಬಂದು ಸವರಿದಳು.

"ಇದು ನಿಂದು ಕಣವ್ವ" ಅಂದಳು. "ಸೊಟ್ಟಾನೂ ನೆಟ್ಟಗ್ ಒಲ್ದಿದ್ದೀಯ."

ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟಳು.