ಭಾನುಪ್ರಿಯಳ ಮೂಗರ್ಜಿ

ಹೊಟ್ಟೆಕಿಚ್ಚಿಗೆ ದೊಡ್ಡ ಕಾರಣವೇ ಬೇಕೆಂದೇನಿಲ್ಲ. ಚನ್ನಪಟ್ಟಣದ ಭಾನುಪ್ರಿಯಳಿಗೆ ಒಂದು ತಾಳೆಗರಿ ಸಾಕಾಯಿತು.

ಗಫಾರ್ ಸಾಬರ ಬೊಂಬೆ ಕಾರ್ಖಾನೆಯಲ್ಲಿ ಅವಳದು ಆರು ವರ್ಷದ ದುಡಿಮೆ. ಲೇತಿನ ಮೇಲೆ ಹಾಲೆಮರ ಕಡೆಯುವುದು, ತಿರುಗುವ ಬೊಂಬೆಗೆ ಅರಗು ಒತ್ತಿ ಬಣ್ಣ ಕೂರಿಸುವುದು, ಎಲ್ಲಾ ಬರುತ್ತಿತ್ತು. ಕೊನೆಗೆ ತಾಳೆಗರಿ ಹಿಡಿದು ಮೆರುಗು ಕೊಡುವ ಕೆಲಸವನ್ನು ಮಾತ್ರ ಉಸ್ತಾದ್ ಗಫಾರ್ ಸಾಬರು ಯಾರ ಕೈಗೂ ಬಿಟ್ಟವರಲ್ಲ. "ನಿಧಾನಕ್ಕೆ ಕಲೀಬೌದು ಬುಡವ್ವ" ಅನ್ನುತ್ತಿದ್ದರು. ಅಂಥವರು, ವಿಯೆಟ್ನಾಮಿನಿಂದ ಕಸುಬು ಕಲಿಯಲು ಬಂದ ಲಿಯೆನ್ ಎಂಬ ಹುಡುಗಿಗೆ ಮೂರೇ ತಿಂಗಳಿಗೆ ಗರಿ ಕೊಟ್ಟುಬಿಟ್ಟರು. ಭಾನುಪ್ರಿಯಳ ಹೊಟ್ಟೆಗೆ ಬೆಂಕಿ ಬಿತ್ತು. ಆ ಹುಡುಗಿ 'ಅಕ್ಕ' ಎಂದರೂ ಉರಿ, ಊಟದ ಡಬ್ಬಿಯಲ್ಲಿ ಪಾಲು ಕೊಟ್ಟರೂ ಉರಿ.

ಕೂತು ವೀಸಾ ಕಚೇರಿಗೆ ಮೂಗರ್ಜಿ ಬರೆದಳು. ಕಲಿಯಲು ಬಂದವಳು ಸಂಬಳಕ್ಕೆ ದುಡಿಯುತ್ತಿದ್ದಾಳೆ ಅಂತ. ಹಸಿ ಸುಳ್ಳು. ಎರಡು ತಿಂಗಳಲ್ಲಿ ಲಿಯೆನ್‌ಳ ವೀಸಾ ರದ್ದಾಯಿತು. ಅವತ್ತು ಭಾನುಪ್ರಿಯ ಒಂದು ಮುದ್ದೆ ಜಾಸ್ತಿ ಉಂಡಳು.

ಹುಡುಗಿ ಹೈಕೋರ್ಟಿಗೆ ಹೋದಾಳೆಂದು ಯಾರಿಗೆ ಗೊತ್ತಿತ್ತು? ವೀಸಾ ಕೊಡುವುದು ಬಿಡುವುದು ಸರ್ಕಾರಕ್ಕೆ ಸೇರಿದ್ದು, ಅದನ್ನು ನಾವು ತೀರ್ಮಾನಿಸುವುದಿಲ್ಲ, ಎಂದಿತು ಕೋರ್ಟು. ಆದರೆ ದೂರನ್ನು ಆಕೆಗೆ ತೋರಿಸದೆ, ಆಕೆಯ ಮಾತನ್ನೂ ಕೇಳದೆ ರದ್ದು ಮಾಡಿದ್ದು ತಪ್ಪು. ಆ ಆದೇಶ ನಿಲ್ಲುವುದಿಲ್ಲ. ದೂರಿನ ಪ್ರತಿ ಕೊಡಿ, ಉತ್ತರ ಪಡೆದು ಹೊಸದಾಗಿ ತೀರ್ಮಾನ ಮಾಡಿ.

ಪ್ರತಿ ಬಂತು. ಲಿಯೆನ್‌ಗೆ ಕನ್ನಡ ಓದಲು ಬಾರದು, ಉಸ್ತಾದರಿಗೆ ಉರ್ದು ಬಿಟ್ಟರೆ ಬೇರೆ ಅಕ್ಷರ ಗೊತ್ತಿಲ್ಲ. ಹುಡುಗಿ ನೆಟ್ಟಗೆ ಭಾನುಪ್ರಿಯಳ ಹತ್ತಿರವೇ ಬಂದಳು. "ಅಕ್ಕ, ನೀವು ಓದಿ. ಉತ್ತರ ಬರೀಬೇಕು."

ತಾನು ಬರೆದದ್ದನ್ನು ತಾನೇ ಓದುವ ಗತಿ ಬಂತು. ಉಸ್ತಾದರಿಗೂ ಕೇಳುವಂತೆ ಗಟ್ಟಿಯಾಗಿ ಓದಿದಳು. ಕೊನೆಯ ಸಾಲನ್ನು ಬಿಟ್ಟುಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಸಾಲಿನ ಸಿಟ್ಟು ಇನ್ನೂ ಆರಿರಲಿಲ್ಲ, ಅದನ್ನೂ ಓದಿದಳು. "ಆರು ವರ್ಷ ದುಡಿದವರಿಗೆ ಕೊಡದ ಗರಿಯನ್ನು ಈಕೆಗೆ ಮೂರೇ ತಿಂಗಳಿಗೆ ಕೊಟ್ಟಿದ್ದಾರೆ." ಸರ್ಕಾರಕ್ಕೆ ಗರಿಯ ಸುದ್ದಿ ಯಾಕೆ ಬೇಕಿತ್ತೋ!

ಉಸ್ತಾದರು ಲೇತ್ ನಿಲ್ಲಿಸಿದರು. ಅಲ್ಲಿ ಆರು ವರ್ಷ ದುಡಿದವಳು ಒಬ್ಬಳೇ. ಅವರು ಬೈಯಲಿಲ್ಲ.

"ಅವಳ ವೀಸಾ ಇದ್ದಿದ್ದು ಒಂದೇ ವರ್ಸಕ್ಕೆ ಕಣವ್ವ, ಅದ್ಕೇ ಬಿರ್ನೆ ಕಲಿಸ್ದೆ," ಅಂದರು. "ನೀನು ಇಲ್ಲೇ ಇರೋಳು. ನನ್ ಕಾಲ ಆದ್ಮೇಲೆ ಈ ಲೇತು ನಿಂದೇ ಅಂದ್ಕಂಡಿದ್ದೆ."

ಉಸ್ತಾದರ ಮಾತು ಲಿಯೆನ್‌ಗೆ ಪೂರ್ತಿ ತಿಳಿಯಲಿಲ್ಲ, ದೂರು ಬರೆದವರು ಯಾರೆಂದೂ ಹೊಳೆಯಲಿಲ್ಲ. ಪೆನ್ನು ಕೊಟ್ಟು ಪಕ್ಕದಲ್ಲೇ ಕೂತಳು. ಭಾನುಪ್ರಿಯ ಎರಡೇ ಸಾಲು ಬರೆದಳು. ದೂರು ಸುಳ್ಳು. ಬರೆದವಳು ನಾನೇ.

"ಏನು ಬರೆದ್ರಿ ಅಕ್ಕ?" ಎಂದು ಹುಡುಗಿ ಕೇಳಿದಳು. ಭಾನುಪ್ರಿಯ ಅದನ್ನೂ ಓದಿ ಹೇಳಬೇಕಾಯಿತು.